ಕಲ್ಲಾದ ಗಾಲಿ, ಕಲ್ಲಾದ ಹೊಲ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳದ ಕಡೆಯ ಪಂಕ್ಚರ್ ಅಂಗಡಿಗಳಲ್ಲಿ ಈ ಮಾತು ಕಿವಿಗೆ ಬೀಳುತ್ತದೆ.

‘ಎಷ್ಟು ಹೊಡೀಲಿ ಕಾಕಾ?’

‘ಕಲ್ಲ ಆದಂಗ ಹೊಡೀ ತಮ್ಮಾ, ನಾಳಿಗಿ ಕಬ್ಬು ಹೇರೋದೈತಿ.’

ಹುಡುಗ ಹವಾ ಹೊಡೆದು ಟೈರಿಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಡುತ್ತಾನೆ. ಠಣ್ ಎಂದರೆ ಲೆಕ್ಕ ಸರಿ. ಕಾರ್ಖಾನೆ ಬಂದಾದ ಮೇಲೆ ಟ್ರ್ಯಾಲಿ ಕಳಚಿ ನೇಗಿಲು ಸಿಕ್ಕಿಸುತ್ತಾರೆ. ಗಾಳಿ ಮಾತ್ರ ಅಷ್ಟೇ ಇರುತ್ತದೆ.

ಕಬ್ಬು ಹೇರುವವರದು ತಪ್ಪೆನ್ನಲಾರೆ. ಭಾರ ಎಳೆದುಕೊಂಡು ಡಾಂಬರಿನ ಮೇಲೆ ಓಡುವಾಗ ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಮಡಚಿ ಮಡಚಿ ಕಾದು ಬಿರಿಯುತ್ತದೆ. ಹೊಲದ ಲೆಕ್ಕ ಬೇರೆ. 40-50 ಎಚ್‌ಪಿ ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಉಳುಮೆಯಲ್ಲಿ 12 ಪೌಂಡ್ ಆಸುಪಾಸು ಸಾಕು. ಟ್ರ್ಯಾಲಿ ಎಳೆಯುವಾಗ 16ರಿಂದ 20. ಮುಂದಿನ ಸಣ್ಣ ಗಾಲಿಗೇ ಹೆಚ್ಚು, 25ರಿಂದ 30. ಟೈರಿನ ಅಳತೆ, ಹೊರುವ ಭಾರ ನೋಡಿ ಇದು ಬದಲಾಗುತ್ತದೆ. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ನಿಖರ ಅಂಕಿ ಇರುತ್ತದೆ. ಆ ಪುಸ್ತಕವೋ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಸಿಕೊಂಡು ದೇವರ ಜಗಲಿಯ ಮೇಲೆ ಭದ್ರವಾಗಿರುತ್ತದೆ.

ಟೈರು ಮೇಲ್ಮಣ್ಣನ್ನು ಒತ್ತುವುದು ಹೆಚ್ಚೂಕಡಿಮೆ ತನ್ನೊಳಗಿನ ಗಾಳಿಯಷ್ಟೇ ಬಿರುಸಾಗಿ. ಹಸಿ ಎರೆಭೂಮಿಯಲ್ಲಿ ಕಲ್ಲಾದ ಗಾಲಿ ಹಾದುಹೋದ ಜಾಡು ಬಿಸಿಲಿಗೆ ಹೆಂಟೆಗಟ್ಟುತ್ತದೆ. ಅಲ್ಲಿ ನೀರು ಇಂಗದು, ಬೇರು ಇಳಿಯದು. ಅಷ್ಟೇ ಅಲ್ಲ, ಉಬ್ಬಿದ ಟೈರಿನ ನಡುಭಾಗವಷ್ಟೇ ನೆಲ ಕಚ್ಚುತ್ತದೆ. ಗಾಲಿ ನಿಂತಲ್ಲೇ ಜಾರುತ್ತದೆ, ನಡುವಿನ ಏಣುಗಳು ಬೇಗ ಸವೆಯುತ್ತವೆ.

ಎಷ್ಟು ಜಾರುತ್ತಿದೆ ಎಂದು ತಿಳಿಯಲು ಒಂದು ಸುಣ್ಣದ ಕಡ್ಡಿ ಸಾಕು. ದೊಡ್ಡ ಗಾಲಿಯ ಪಕ್ಕೆಗೆ ಗೆರೆ ಎಳೆಯಿರಿ. ನೇಗಿಲು ಎತ್ತಿಕೊಂಡು ಹೊಲದಲ್ಲಿ ಗಾಲಿ 10 ಸುತ್ತು ತಿರುಗುವಷ್ಟು ದೂರ ಹೋಗಿ, ಎರಡೂ ತುದಿಗೆ ಗೂಟ ನೆಡಿ. ಈಗ ನೇಗಿಲು ಇಳಿಸಿ, ಅದೇ ದೂರ ಉಳುತ್ತಾ ಸುತ್ತು ಎಣಿಸಿ. 11, ಹನ್ನೊಂದೂವರೆ ಆದರೆ ಚಿಂತೆಯಿಲ್ಲ. 13 ಆಯಿತೋ, ನಾಲ್ಕು ಸುತ್ತಿಗೆ ಹೆಚ್ಚುಕಡಿಮೆ ಒಂದು ಸುತ್ತು ಡೀಸೆಲ್ ಸುಟ್ಟು ಬರಿದೇ ತಿರುಗಿದ ಹಾಗೆ. ಹಾಗೆಂದು ಗಾಳಿಯನ್ನು ತೀರಾ ಇಳಿಸಿದರೆ ಟೈರಿನೊಳಗೆ ರಿಮ್ಮೇ ತಿರುಗಿ ಟ್ಯೂಬಿನ ವಾಲ್ವು ಕಿತ್ತುಬರುತ್ತದೆ.

ಮೊದಮೊದಲ ಟ್ರ್ಯಾಕ್ಟರುಗಳದು ಕಬ್ಬಿಣದ ಗಾಲಿ. 1932ರಲ್ಲಿ ಅಮೆರಿಕದ ಆಲಿಸ್-ಚಾಲ್ಮರ್ಸ್ ಕಂಪನಿ ತನ್ನ ಟ್ರ್ಯಾಕ್ಟರಿಗೆ ಗಾಳಿ ತುಂಬಿದ ರಬ್ಬರ್ ಟೈರು ಹಾಕಿ ನೋಡಿತು. ಅದಕ್ಕೆ ತಂದದ್ದು ಫೈರ್‌ಸ್ಟೋನ್ ಕಂಪನಿಯ ವಿಮಾನದ ಟೈರು. ಮಣ್ಣಿಗೆ ಒಗ್ಗಿದ್ದು ಲಾರಿ ಟೈರಿನ ಗಡಸುತನವಲ್ಲ, ಕಡಿಮೆ ಗಾಳಿಯ ಆ ಮೆತ್ತನೆಯ ಗಾಲಿ.

ನಮ್ಮಲ್ಲಿ ತೊಡಕು ಗೇಜಿನದು. ಅಂಗಡಿಯಲ್ಲಿರುವುದು ಲಾರಿ ನೋಡುವ ಗೇಜು. ನೂರರಾಚೆ ಹೋಗುವ ಅದರ ಮುಳ್ಳಿಗೆ 12 ಎಂದರೆ ಒಂದು ಸಣ್ಣ ನಡುಕ. ಕಡಿಮೆ ಒತ್ತಡ ತೋರಿಸುವ ಗೇಜು ಬೇರೆ ಸಿಗುತ್ತದೆ. ನೋಡುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಟೈರಿಗೆ ನೀರು ತುಂಬಿಸಿದ್ದರೆ ವಾಲ್ವು ನೆತ್ತಿಗೆ ಬರುವಂತೆ ಗಾಲಿ ತಿರುಗಿಸಿಕೊಳ್ಳಬೇಕು, ಇಲ್ಲವಾದರೆ ಗೇಜಿನೊಳಗೆ ನೀರು.

ಬೇಸಿಗೆಯ ಮಾಗಿ ಉಳುಮೆಗೆ ಮುಂಚೆ ಅದೇ ಅಂಗಡಿಗೆ ಗೇಜು ಹಿಡಿದು ಹೋದೆ. ‘ಹನ್ನೆರಡಕ್ಕ ಇಳಸು’ ಎಂದೆ. ಹುಡುಗ ಗಾಲಿಯನ್ನೂ ನನ್ನನ್ನೂ ನೋಡಿದ.

‘ಹನ್ನೆರಡಾ? ಸೈಕಲ್ಲಿಗೂ ಇದಕ್ಕಿಂತ ಜಾಸ್ತಿ ಹೊಡಿತೇವ್ರೀ ಕಾಕಾ!’