ಶ್ವಾಸಕೋಶ ಮೀನಿನ ಸಾಕಣೆ: ಮರಿ ಎಲ್ಲಿಂದ ಬರಬೇಕು?

ಪೂರ್ವ ಆಫ್ರಿಕದ ಉಗಾಂಡಾ ದೇಶವು ರೊಬಸ್ಟಾ ಕಾಫಿಯ ಮೂಲಕ ನಮ್ಮ ಬೆಳೆಗಾರ ಬಾಂಧವರಿಗೆ ಪರಿಚಿತ. ಆ ದೇಶದ ರೈತರಲ್ಲಿ ಕೆಲವರು ಕೊಳಗಳಲ್ಲಿ ‘ಮಾಂಬಾ’ ಎಂಬ ಮೀನನ್ನು ಸಾಕುತ್ತಾರೆ. ಇದೇ ಶ್ವಾಸಕೋಶ ಮೀನು. ಇದರ ಸಾಕಣೆಯಲ್ಲಿರುವ ತೊಡಕು ನಾವೂ ತಿಳಿಯತಕ್ಕದ್ದಾಗಿದೆ.

ಹಾವಿನಂತೆ ನೀಳವಾದ ಈ ಮೀನು 2 ಮೀಟರ್‌ವರೆಗೂ ಬೆಳೆಯಬಲ್ಲದು. ಕಿವಿರುಗಳಿದ್ದರೂ ಅವು ಸಾಲವು. ಬೆಳೆದ ಮೀನು ಆಮ್ಲಜನಕದ ಬಹುಪಾಲನ್ನು ಗಾಳಿಯಿಂದಲೇ ಪಡೆಯುತ್ತದೆ. ಬಲೆಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ನೀರು ಬತ್ತಿದರೆ ಕೆಸರಿನಲ್ಲಿ ಬಿಲ ತೋಡಿ, ಲೋಳೆಯ ಕವಚದೊಳಗೆ ತಿಂಗಳುಗಟ್ಟಲೆ ಆಹಾರವಿಲ್ಲದೆ ಮಲಗಿರಬಲ್ಲದು.

ಆದ್ದರಿಂದ ಇತರ ಮೀನುಗಳು ಬದುಕದ ಕೊಳಕು ನೀರಿನಲ್ಲಿಯೂ ಇದು ಬದುಕುತ್ತದೆ. ಬಸವನಹುಳುಗಳನ್ನು ತಿನ್ನುವುದರಿಂದ ಅವುಗಳ ಮೂಲಕ ಹರಡುವ ಬಿಲ್‌ಹಾರ್ಜಿಯಾ ರೋಗದ ಹತೋಟಿಗೂ ಸಹಾಯವಾದೀತೆಂಬ ನಿರೀಕ್ಷೆಯಿದೆ. ಬಗಾಂಡಾ ಜನರಲ್ಲಿ ಮಾಂಬಾ ಕುಲದವರು ಇದನ್ನು ತಿನ್ನರಾದರೂ, ಇತರರಲ್ಲಿ ಇದಕ್ಕೆ ಒಳ್ಳೆಯ ಗಿರಾಕಿಯಿದೆ.

ತೊಡಕು ಇರುವುದು ಮರಿಯಲ್ಲಿ. ಕೊಳಕ್ಕೆ ಬಿಡುವ ಮರಿಗಳನ್ನು ಜೌಗು ಪ್ರದೇಶಗಳಿಂದಲೇ ಹಿಡಿದು ತರಲಾಗುತ್ತದೆ. ಆದರೆ ವಿಕ್ಟೋರಿಯಾ ಸರೋವರದಲ್ಲಿ ಈ ಮೀನು ಈಗಾಗಲೇ ಬಹಳ ಕಡಿಮೆಯಾಗಿದೆ. ಮಿತಿಮೀರಿದ ಮೀನುಗಾರಿಕೆಯೂ ಜೌಗು ನೆಲವನ್ನು ಸಾಗುವಳಿಗೆ ಒಳಪಡಿಸಿದ್ದೂ ಇದಕ್ಕೆ ಕಾರಣಗಳು. ಗಂಡು ಮೀನು ಹುಲ್ಲುಜೊಂಡಿನ ನಡುವೆ ಗೂಡು ಮಾಡಿ ಮೊಟ್ಟೆಗಳನ್ನು ಕಾಯುತ್ತದೆ. ಅದನ್ನು ಹಿಡಿದರೆ ಒಂದು ಸಂಸಾರವೇ ಹೋದಂತೆ.

ಕೊಳದಲ್ಲೇ ಮರಿ ಮಾಡಿಸುವುದು ಸುಲಭವಲ್ಲ. ಹೊರನೋಟಕ್ಕೆ ಗಂಡು ಹೆಣ್ಣು ತಿಳಿಯದು. ಒಂದನ್ನೊಂದು ಕಚ್ಚಿ ತಿನ್ನುವ ಸ್ವಭಾವವಿರುವುದರಿಂದ ಸಮಗಾತ್ರದ ಮರಿಗಳನ್ನೇ ಒಟ್ಟಿಗೆ ಬಿಡಬೇಕು. ಉಗಾಂಡಾದ ಸಂಶೋಧಕರು ಕಾಡುಮರಿಗಳಿಗೆ ತಯಾರಿಸಿದ ಆಹಾರ ತಿನ್ನುವುದನ್ನು ರೂಢಿ ಮಾಡಿಸಿದ್ದಾರೆ. ಆದರೆ ತಿನ್ನಿಸುವುದು ಬೇರೆ, ಸಂತಾನ ಪಡೆಯುವುದು ಬೇರೆ.

ನಮ್ಮ ದೇಶವೂ ಈ ಹಂತವನ್ನು ದಾಟಿ ಬಂದಿದೆ. ಕಟ್ಲಾ, ರೋಹು ಮರಿಗಳಿಗಾಗಿ ನಾವು ಹಿಂದೆ ನದಿಗಳನ್ನೇ ನಂಬಬೇಕಾಗಿತ್ತು. 1957ರಲ್ಲಿ ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಅದರ ಫಲವಾಗಿಯೇ ಇಂದು ರೈತರಿಗೆ ಮರಿಗಳು ಪಾಲನಾ ಕೇಂದ್ರಗಳಿಂದ ದೊರೆಯುತ್ತಿವೆ. ಶ್ವಾಸಕೋಶ ಮೀನಿಗೂ ಇಂತಹ ದಾರಿ ತೆರೆಯುವವರೆಗೆ ಅದರ ಸಾಕಣೆ, ಸಸಿಮಡಿಯಿಲ್ಲದೆ ಕಾಡಿನ ಗಿಡ ಕಿತ್ತು ತೋಟ ಮಾಡಿದಂತೆಯೇ ಸರಿ.

ಇದು ನಮ್ಮ ಕೆರೆಗಳಿಗೆ ತರತಕ್ಕ ಮೀನಲ್ಲ. ಹೊರದೇಶದ ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಮೀನುಗಳನ್ನು ನುಂಗುವುದೆಂದು 2000ದಲ್ಲಿ ಅದರ ಸಾಕಣೆಯನ್ನೇ ಕೇಂದ್ರ ಸರ್ಕಾರವು ನಿಷೇಧಿಸಿತು. ಹೊಸ ಮೀನಾಗಲಿ, ಹೊಸ ಬೆಳೆಯಾಗಲಿ, ಯಾರಾದರೂ ಲಾಭದ ಲೆಕ್ಕ ಮುಂದಿಟ್ಟಾಗ ಸದಸ್ಯರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರ ಬೀಜ ಎಲ್ಲಿಂದ ಬರುತ್ತದೆ?