ಡ್ರೋನ್ ತಯಾರಕರ ಪೈಪೋಟಿ: ಬೆಲೆಯಿಂದ ವಿಶ್ವಾಸದವರೆಗೆ

‘ಡ್ರೋನ್’ ಎಂಬ ಇಂಗ್ಲಿಷ್ ಶಬ್ದಕ್ಕೆ ಗಂಡು ಜೇನುನೊಣವೆಂದು ಮೂಲಾರ್ಥ. ಚಾಲಕನಿಲ್ಲದೆ ಝೇಂಕರಿಸುತ್ತ ಹಾರುವ ಯಂತ್ರಕ್ಕೆ ಈ ಹೆಸರು ಒಪ್ಪುವಂತೆಯೇ ಇದೆ. ಮದುವೆಯ ಚಪ್ಪರದ ಮೇಲೆಯೂ ಹೊಲಗದ್ದೆಗಳ ಮೇಲೆಯೂ ಇಂದು ಕಾಣಬರುವ ಈ ಯಂತ್ರದ ಹಿಂದೆ ತಯಾರಕರ ನಡುವೆ ನಡೆದಿರುವ ಪೈಪೋಟಿ ವಿಚಾರವಂತರ ಗಮನಕ್ಕೆ ಅರ್ಹವಾದುದು. ಅದರಲ್ಲಿ ಗೆದ್ದವರು ಹೇಗೆ ಗೆದ್ದರು, ಗೆಲುವಿನ ಸ್ವರೂಪವೇ ಹೇಗೆ ಮಾರ್ಪಟ್ಟಿತು ಎಂಬುದನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಭೇದವನ್ನು ತಿಳಿಯಬೇಕು. ಹವ್ಯಾಸಕ್ಕಾಗಿ, ಚಿತ್ರಗ್ರಹಣಕ್ಕಾಗಿ ಜನಸಾಮಾನ್ಯರು ಕೊಳ್ಳುವ ಡ್ರೋನುಗಳ ಮಾರುಕಟ್ಟೆ ಒಂದು. ಭೂಮಾಪನ, ವಿದ್ಯುತ್ ತಂತಿಗಳ ತಪಾಸಣೆ, ಔಷಧ ಸಿಂಪಡಣೆ, ರಕ್ಷಣಾಕಾರ್ಯ ಮೊದಲಾದವುಗಳಿಗಾಗಿ ಸಂಸ್ಥೆಗಳೂ ಸರ್ಕಾರಗಳೂ ಕೊಳ್ಳುವವುಗಳ ಮಾರುಕಟ್ಟೆ ಇನ್ನೊಂದು. ಮೊದಲನೆಯದರಲ್ಲಿ ಬೆಲೆಯೂ ಸೌಕರ್ಯವೂ ಪ್ರಧಾನ. ಎರಡನೆಯದರಲ್ಲಿ ಇವುಗಳ ಜೊತೆಗೆ ವಿಶ್ವಾಸವೂ ಬೇಕು.

ಫ್ರಾನ್ಸಿನ ಪ್ಯಾರಟ್ ಸಂಸ್ಥೆಯು 2010ರಲ್ಲಿ ಮೊಬೈಲ್ ಫೋನಿನಿಂದಲೇ ಹಾರಿಸಬಹುದಾದ ‘ಎ.ಆರ್. ಡ್ರೋನ್’ ಎಂಬುದನ್ನು ಹೊರತಂದಿತು. ಅಮೆರಿಕದಲ್ಲಿ ಕ್ರಿಸ್ ಆಂಡರ್ಸನ್, ಜೋರ್ಡಿ ಮುನ್ಯೋಸ್ ಎಂಬವರು 2009ರಲ್ಲಿ ‘3ಡಿ ರೊಬಾಟಿಕ್ಸ್’ ಸಂಸ್ಥೆಯನ್ನು ಸ್ಥಾಪಿಸಿದ್ದರು. ಇವರಿಗಿಂತ ಮುಂಚೆ, 2006ರಲ್ಲಿ, ಚೀನದ ಶೆಂಜೆನ್ ನಗರದಲ್ಲಿ ಫ್ರ್ಯಾಂಕ್ ವಾಂಗ್ ಎಂಬ ತರುಣನು ಆರಂಭಿಸಿದ ‘ಡಿ.ಜೆ.ಐ.’ ಸಂಸ್ಥೆಯು ಹಾರಾಟವನ್ನು ಸ್ಥಿರಗೊಳಿಸುವ ನಿಯಂತ್ರಕಗಳನ್ನು ಮಾಡುತ್ತಿತ್ತು. 2013ರಲ್ಲಿ ಅದು ‘ಫ್ಯಾಂಟಮ್’ ಎಂಬ ಡ್ರೋನನ್ನು ಮಾರಾಟಕ್ಕಿಟ್ಟಿತು. ಬಿಡಿಭಾಗಗಳನ್ನು ತಾನೇ ಜೋಡಿಸಿಕೊಳ್ಳುವ ಶ್ರಮ ಕೊಳ್ಳುವವನಿಗೆ ತಪ್ಪಿತು. ನಿಯಂತ್ರಕ, ಕ್ಯಾಮೆರಾ, ಅದನ್ನು ಅಲುಗದಂತೆ ಹಿಡಿಯುವ ಗಿಂಬಲ್ ಇವೆಲ್ಲವನ್ನೂ ಕ್ರಮೇಣ ಡಿ.ಜೆ.ಐ. ತಾನೇ ತಯಾರಿಸಿತು. ಬಿಡಿಭಾಗ ಮಾಡುವವರು ಅದೇ ನಗರದಲ್ಲಿ ನೆರೆದಿದ್ದುದರಿಂದ ಹೊಸ ಮಾದರಿಗಳು ಬೇಗ ಬೇಗ ಹೊರಬಂದವು, ಬೆಲೆಯೂ ಇಳಿಯಿತು.

ಈ ವೇಗಕ್ಕೆ ಪ್ರತಿಸ್ಪರ್ಧಿಗಳು ನಿಲ್ಲಲಾರದೆ ಹೋದರು. 3ಡಿ ರೊಬಾಟಿಕ್ಸ್ 2015ರಲ್ಲಿ ತಂದ ‘ಸೋಲೊ’ ಡ್ರೋನು ಅನ್ಯ ಸಂಸ್ಥೆಯ ಕ್ಯಾಮೆರಾವನ್ನು ನೆಚ್ಚಿತ್ತು. ಮರುವರ್ಷವೇ ಆ ಸಂಸ್ಥೆ ಡ್ರೋನ್ ತಯಾರಿಕೆಯನ್ನು ಕೈಬಿಟ್ಟಿತು. ಕ್ಯಾಮೆರಾಗಳಿಗೆ ಹೆಸರಾದ ಗೋಪ್ರೊ 2016ರ ಅಕ್ಟೋಬರಿನಲ್ಲಿ ಮಾರಾಟಕ್ಕಿಟ್ಟ ‘ಕರ್ಮ’ ಡ್ರೋನು ಹಾರುವಾಗಲೇ ವಿದ್ಯುತ್ ಕಡಿದು ಬೀಳತೊಡಗಿದ್ದರಿಂದ ಮುಂದಿನ ತಿಂಗಳೇ ಎಲ್ಲವನ್ನೂ ಹಿಂದಕ್ಕೆ ಪಡೆಯಬೇಕಾಯಿತು. 2018ರ ಜನವರಿಯಲ್ಲಿ ಆ ಸಂಸ್ಥೆ ಈ ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ ಸಾರಿತು. ಪ್ಯಾರಟ್ 2019ರಲ್ಲಿ ಆಟಿಕೆಯ ಡ್ರೋನುಗಳನ್ನು ನಿಲ್ಲಿಸಿತು. ಅಡ್ಡ ಬರುವ ಮರಗಿಡಗಳನ್ನು ತಾನೇ ಕಂಡು ತಪ್ಪಿಸಿಕೊಳ್ಳುವ ಡ್ರೋನನ್ನು 2018ರಲ್ಲಿ ರೂಪಿಸಿದ ಅಮೆರಿಕದ ಸ್ಕೈಡಿಯೊ ಕೂಡ 2023ರಲ್ಲಿ ಜನಸಾಮಾನ್ಯರ ಮಾರುಕಟ್ಟೆಯನ್ನು ತೊರೆಯಿತು. ಆ ಮಾರುಕಟ್ಟೆಯಲ್ಲಿ ಡಿ.ಜೆ.ಐ.ಗೆ 2025ರಲ್ಲಿ ಹೊಸದಾಗಿ ಎದುರು ನಿಂತ ಇನ್‌ಸ್ಟಾ360 ಸಹ ಶೆಂಜೆನ್ ನಗರದ್ದೇ ಎಂಬುದು ಗಮನಾರ್ಹ.

ಸೋತವರು ಸಂಸ್ಥೆಗಳ ಮಾರುಕಟ್ಟೆಯತ್ತ ತಿರುಗಿದರು. ಅಲ್ಲಿ ಏಳುವ ಪ್ರಶ್ನೆಯೇ ಬೇರೆ. ಆಕಾಶದಿಂದ ತೆಗೆದ ಚಿತ್ರಗಳು ಯಾರ ಕೈ ಸೇರುತ್ತವೆ? ಈ ಶಂಕೆಯಿಂದ ಅಮೆರಿಕದ ಭೂಸೇನೆ 2017ರಲ್ಲಿ ಡಿ.ಜೆ.ಐ. ಡ್ರೋನುಗಳ ಬಳಕೆಯನ್ನು ನಿಲ್ಲಿಸಿತು. 2020ರ ಡಿಸೆಂಬರಿನಲ್ಲಿ ಆ ದೇಶದ ವಾಣಿಜ್ಯ ಇಲಾಖೆ ಡಿ.ಜೆ.ಐ.ಯನ್ನು ನಿರ್ಬಂಧಿತ ಸಂಸ್ಥೆಗಳ ಪಟ್ಟಿಗೆ ಸೇರಿಸಿತು. ಸಂಸ್ಥೆಯಾದರೋ ತನ್ನ ಮೇಲಣ ಆರೋಪಗಳನ್ನು ನಿರಾಕರಿಸುತ್ತ ಬಂದಿದೆ.

ಬಾಗಿಲು ಮುಚ್ಚಿದ ಮಾತ್ರಕ್ಕೆ ಅವಲಂಬನೆ ತಪ್ಪುವುದೆ? 2024ರ ಅಕ್ಟೋಬರಿನಲ್ಲಿ ಚೀನ ಸರ್ಕಾರವು ಸ್ಕೈಡಿಯೊ ಮೇಲೆ ನಿರ್ಬಂಧ ಹೇರಿತು. ಪರಿಣಾಮವಾಗಿ ಆ ಸಂಸ್ಥೆಗೆ ಬ್ಯಾಟರಿಗಳ ಪೂರೈಕೆ ಕಡಿದುಹೋಯಿತು. ಡ್ರೋನೊಂದಕ್ಕೆ ಒಂದೇ ಬ್ಯಾಟರಿಯಂತೆ ಗ್ರಾಹಕರಿಗೆ ಹಂಚಬೇಕಾಯಿತು. ಯಂತ್ರವನ್ನು ಸ್ವದೇಶದಲ್ಲಿಯೇ ಜೋಡಿಸಿದ್ದರೂ ಅದರ ಪ್ರಾಣಶಕ್ತಿ ಪರದೇಶದಿಂದ ಬರುತ್ತಿತ್ತು.

ನಮ್ಮ ದೇಶಕ್ಕೂ ಈ ಪಾಠ ಅನ್ವಯಿಸುತ್ತದೆ. ಭಾರತ ಸರ್ಕಾರವು 2021ರಲ್ಲಿ ಡ್ರೋನ್ ಹಾಗೂ ಅದರ ಬಿಡಿಭಾಗಗಳ ತಯಾರಕರಿಗೆ 120 ಕೋಟಿ ರೂಪಾಯಿಗಳ ಪ್ರೋತ್ಸಾಹಧನ ಯೋಜನೆಯನ್ನು ಪ್ರಕಟಿಸಿತು. 2022ರ ಫೆಬ್ರುವರಿಯಲ್ಲಿ ಸಿದ್ಧ ಡ್ರೋನುಗಳ ಆಮದನ್ನು, ಕೆಲವು ವಿನಾಯಿತಿಗಳ ಹೊರತು, ನಿಷೇಧಿಸಿತು. ಬಿಡಿಭಾಗಗಳ ಆಮದಿಗೆ ಅಡ್ಡಿಯಿರಲಿಲ್ಲ. ಗ್ರಾಮಗಳ ವಾಸಸ್ಥಳಗಳನ್ನು ಡ್ರೋನಿನಿಂದ ಅಳೆದು ಹಕ್ಕುಪತ್ರ ನೀಡುವ ಸ್ವಾಮಿತ್ವ ಯೋಜನೆ 2020ರಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಮ್ಮ ಹಳ್ಳಿಗಳ ಮನೆಯ ಮೇರೆಗಳನ್ನೇ ಗುರುತಿಸುವ ಯಂತ್ರವು ಯಾರದೆಂಬುದು ಕೇವಲ ವ್ಯಾಪಾರದ ಪ್ರಶ್ನೆಯಾಗಿ ಉಳಿಯದು. ಇಡೀ ಯಂತ್ರವನ್ನು ಜೋಡಿಸುವುದಕ್ಕಿಂತ ಅದರ ಮೋಟಾರು, ಬ್ಯಾಟರಿ, ನಿಯಂತ್ರಕಗಳನ್ನು ಮಾಡಬಲ್ಲ ಕುಶಲಿಗಳನ್ನು ಸಿದ್ಧಪಡಿಸುವುದು ಕಠಿಣ. ಆ ಸಿದ್ಧತೆ ಕಾರ್ಖಾನೆಯಲ್ಲಿ ಮುಗಿಯಬಹುದು. ಮೊದಲಾಗುವುದು ಶಾಲೆಯ ಪ್ರಯೋಗಶಾಲೆಯಲ್ಲಿ.