ಹತ್ತಿಕಾಳಿನ ಎಣ್ಣೆ ಮತ್ತು ಡಬ್ಬದ ಮೇಲಿನ ಗುರುತು

ಹತ್ತಿಯನ್ನು ನೂಲಿನ ಬೆಳೆಯೆಂದೇ ಎಣಿಸುವುದು ವಾಡಿಕೆ. ಆದರೆ ಕೊಯ್ದ ಹತ್ತಿಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಾಳೇ ಇರುತ್ತದೆ. ಅರಳೆ ಬೇರ್ಪಡಿಸಿದ ಮೇಲೆ ಈ ಕಾಳು ಎಣ್ಣೆ ಗಿರಣಿಗೆ ಹೋಗುತ್ತದೆ, ಹಿಂಡಿ ದನಗಳ ಗೋದಲಿ ಸೇರುತ್ತದೆ, ಎಣ್ಣೆ ಅಡುಗೆಮನೆಗೆ ಬರುತ್ತದೆ. ಹೀಗಾಗಿ ಕುಲಾಂತರಿ ಆಹಾರದ ಪ್ರಶ್ನೆ ದೂರದ ದೇಶದ್ದಲ್ಲ.

ಬಿ.ಟಿ. ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿ ದೊರೆತದ್ದು 2002ರಲ್ಲಿ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಾಣುವಿನ ಒಂದು ಜೀನನ್ನು ಗಿಡಕ್ಕೆ ಸೇರಿಸಿದಾಗ, ಕಾಯಿಕೊರಕ ಹುಳುವಿಗೆ ವಿಷವಾಗುವ ಪ್ರೋಟೀನನ್ನು ಗಿಡವೇ ತಯಾರಿಸುತ್ತದೆ. ಭಾರತದಲ್ಲಿ ರೈತರು ವಾಣಿಜ್ಯವಾಗಿ ಬೆಳೆಯುವ ಕುಲಾಂತರಿ ಬೆಳೆ ಇದೊಂದೇ. ಬಿ.ಟಿ. ಬದನೆಗೆ 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು; ಅದಕ್ಕೆ ಮುನ್ನ ನಡೆದ ಸಾರ್ವಜನಿಕ ಸಭೆಗಳಲ್ಲಿ ಬೆಂಗಳೂರಿನದೂ ಒಂದು.

ಕೊಳ್ಳುವವನಿಗೆ ವಸ್ತುವಿನ ಮೂಲ ತಿಳಿಯಬೇಕೆಂಬ ಉದ್ದೇಶದಿಂದ 2013ರ ಜನವರಿ 1ರಿಂದ ಒಂದು ನಿಯಮ ಜಾರಿಗೆ ಬಂದಿತು. ಕುಲಾಂತರಿ ಆಹಾರವಿರುವ ಪೊಟ್ಟಣದ ಮುಖಭಾಗದ ಮೇಲ್ತುದಿಯಲ್ಲಿ 'ಜಿ.ಎಂ.' ಎಂದು ಮುದ್ರಿಸಬೇಕೆಂಬುದು ಅದರ ಸಾರ. ಎಷ್ಟು ಪಾಲು ಇದ್ದರೆ ಮುದ್ರಿಸಬೇಕೆಂಬುದನ್ನು ಆ ನಿಯಮ ಹೇಳಲಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಪ್ರಕಟಿಸಿದ ಕರಡಿನಲ್ಲಿ ಶೇ. 1ರ ಮಿತಿಯನ್ನು ಸೂಚಿಸಲಾಯಿತು. ಯುರೋಪಿನ ಮಿತಿ ಶೇ. 0.9.

ಈ ಗುರುತು ಅಪಾಯದ ಸೂಚನೆಯಲ್ಲ. ಸಸ್ಯಾಹಾರಕ್ಕೆ ಹಸಿರು ಚುಕ್ಕೆ ಇರುವಂತೆ, ಇದೂ ಆಯ್ಕೆಗೆ ಅನುಕೂಲವಾಗುವ ಮಾಹಿತಿ, ಅಷ್ಟೆ. ಇದನ್ನು ಹೆದರಿಸುವ ಮಾತಾಗಿ ಬಳಸುವುದೂ, ಹೆದರಿಕೆಯ ನೆಪದಿಂದ ಮುಚ್ಚಿಡುವುದೂ ಸರಿಯಲ್ಲ.

ನಿಜವಾದ ತೊಡಕು ಎಣ್ಣೆಯಲ್ಲಿಯೇ ಇದೆ. ಜೀನು ಮತ್ತು ಪ್ರೋಟೀನು ಇರುವುದು ಕಾಳಿನ ತಿರುಳಿನಲ್ಲಿ. ಎಣ್ಣೆ ತೆಗೆದು ಶುದ್ಧೀಕರಿಸುವಾಗ ಅವು ಹಿಂಡಿಯಲ್ಲಿಯೂ ಗಸಿಯಲ್ಲಿಯೂ ಹೊರಟುಹೋಗುತ್ತವೆ. ಆದ್ದರಿಂದ ಶುದ್ಧೀಕರಿಸಿದ ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕಳಿಸಿದರೂ ಅದು ಬಿ.ಟಿ. ಕಾಳಿನದೋ ನಾಟಿ ಕಾಳಿನದೋ ಹೇಳುವುದು ಬಹಳ ಕಷ್ಟ. ಯುರೋಪು ಇದಕ್ಕೆ ಬೇರೆ ದಾರಿ ಹಿಡಿಯಿತು: ಹೊಲದಿಂದ ಅಂಗಡಿಯವರೆಗೆ ಪ್ರತಿ ಕೈ ಬದಲಾದಾಗಲೂ ಕಾಗದಪತ್ರ ಜೊತೆಗಿರಬೇಕು, ಪರೀಕ್ಷೆಯಲ್ಲಿ ಸಿಕ್ಕದಿದ್ದರೂ ಎಣ್ಣೆಗೆ ಗುರುತು ಬೇಕು. ಆದರೆ ಕುಲಾಂತರಿ ಮೇವು ತಿಂದ ಹಸುವಿನ ಹಾಲಿಗೆ ಅಲ್ಲಿಯೂ ಗುರುತು ಬೇಕಿಲ್ಲ.

ನಮ್ಮಲ್ಲಿ ಎಲ್ಲರ ಕಾಳೂ ಒಂದೇ ರಾಶಿಗೆ ಬೀಳುತ್ತದೆ. ಬಿಡಿಯಾಗಿ ಅಳೆದು ಮಾರುವ ಎಣ್ಣೆಗಂತೂ ಪೊಟ್ಟಣವೇ ಇಲ್ಲ, ಗುರುತೆಲ್ಲಿಂದ ಬಂದೀತು? ಇದರಿಂದ ಕೊಳ್ಳುವವನಿಗಷ್ಟೇ ಅಲ್ಲ, ಬೆಳೆಯುವವನಿಗೂ ನಷ್ಟವುಂಟು. ಧಾರವಾಡದ ಕಡೆಯ ಜಯಧರದಂತಹ ದೇಶಿ ಹತ್ತಿ ಬೆಳೆದವನು ತನ್ನ ಕಾಳು ಕುಲಾಂತರಿಯಲ್ಲವೆಂದು ಹೇಳಿ ಬೆಲೆ ಕೇಳಬೇಕಾದರೆ, ಬಿಡಿಸುವಾಗಿನಿಂದಲೇ ಅದನ್ನು ಬೇರೆಯಾಗಿ ಕೂಡಿಟ್ಟಿರಬೇಕು. ಅರಳೆ ಗಿರಣಿಯಲ್ಲಿಯೂ ಬೆರೆಯಬಾರದು.

ಬೀಜ ಕೊಳ್ಳುವಾಗ ರೈತನೂ ಬಳಕೆದಾರನೇ. ಕಾಳು ಅಥವಾ ಎಲೆಯಲ್ಲಿ ಬಿ.ಟಿ. ಪ್ರೋಟೀನಿದೆಯೇ ಎಂಬುದನ್ನು ಪಟ್ಟಿ ಪರೀಕ್ಷೆಯಿಂದ ಹೊಲದಲ್ಲಿಯೇ ತಿಳಿಯಬಹುದು; ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಇಂಥ ಪರೀಕ್ಷಾ ಸಾಮಗ್ರಿಯನ್ನು ರೂಪಿಸಿದೆ. ಕಳೆನಾಶಕ ತಾಳುವ ಹತ್ತಿಗೆ ಅನುಮತಿಯಿಲ್ಲದಿದ್ದರೂ ಹೆಸರಿಲ್ಲದ ಚೀಲಗಳಲ್ಲಿ ಅದರ ಬೀಜ ಮಾರಾಟವಾದದ್ದುಂಟು. ಇಂಥ ಬೀಜ ಕೈಕೊಟ್ಟರೆ ಪರಿಹಾರ ಕೇಳಲು ಆಧಾರವೇ ಇರುವುದಿಲ್ಲ. ಲಾಟ್ ಸಂಖ್ಯೆಯಿರುವ ಪೊಟ್ಟಣವನ್ನೂ, ಅಂಗಡಿಯ ರಸೀದಿಯನ್ನೂ, ಒಂದು ಹಿಡಿ ಬೀಜವನ್ನೂ ಬೆಳೆ ಮನೆಗೆ ಬರುವವರೆಗೆ ತೆಗೆದಿಡತಕ್ಕದ್ದು.